ಕಂದಕದಿಂದ ಕಚೇರಿಗೆ ಬಂದ ಮನ್ರೋ ಸಾಹೇಬ

ಹೊಸೂರಿನಿಂದ ರಾಯಕೋಟೆ, ಪಾಲಕ್ಕೋಡುಗಳ ಮಾರ್ಗವಾಗಿ ಧರ್ಮಪುರಿಗೆ ಹೋಗುವವರಿಗೆ ರಾಯಕೋಟೆಯ ಬೆಟ್ಟದ ಮೇಲೆ ಪಾಳುಬಿದ್ದ ಕೋಟೆಗೋಡೆ ಕಾಣುತ್ತದೆ. ಕೃಷ್ಣಗಿರಿಯ ದಾರಿ ಹಿಡಿದರೆ ಅಲ್ಲಿಯೂ ಅಂಥದೇ ಒಂದು ಬೆಟ್ಟ, ಅಂಥದೇ ಒಂದು ಕೋಟೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಈ ಬೆಟ್ಟಗಳನ್ನು ಹತ್ತಿ ಬಂದಿರುತ್ತಾರೆ. ಆದರೆ ಆ ಕೋಟೆಗಳನ್ನು ಹಿಡಿಯಲು ಬಂದ ಸೈನಿಕರು ಎಂಥವರು, ಅವರು ಹೇಗೆ ಹೋರಾಡಿದರು, ಕೆಳಗಿನ ಹೊಲಗಳ ಗತಿ ಏನಾಯಿತು ಎಂಬುದನ್ನು ಪಾಠಪುಸ್ತಕಗಳು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ಆ ಸೈನಿಕರಲ್ಲಿ ಒಬ್ಬನು ಬಂದೂಕನ್ನು ಬದಿಗಿಟ್ಟು ಏಳು ವರ್ಷ ಧರ್ಮಪುರಿಯಲ್ಲಿದ್ದು, ನಮ್ಮ ಪೂರ್ವಜರ ಹೊಲಗಳನ್ನು ಅಳೆಸಿ, ಕಂದಾಯ ಗೊತ್ತುಮಾಡಿದನು. ಮುಂದೆ ಮದರಾಸಿನ ಗವರ್ನರೂ ಆದನು. ಅವನೇ ಥಾಮಸ್ ಮನ್ರೋ.

ಮನ್ರೋ ಜನಿಸಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕ. ಬಾಲ್ಯದಲ್ಲಿ ದಡಾರ ಬಂದು ಥಾಮಸನಿಗೆ ಕಿವಿ ಮಂದವಾಯಿತು, ಆ ಕುಂದು ಕೊನೆಯವರೆಗೂ ಉಳಿಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿದನು. ಗಣಿತ, ರಸಾಯನಶಾಸ್ತ್ರಗಳೆಂದರೆ ಇಷ್ಟ. ಡಾನ್ ಕ್ವಿಕ್ಸೋಟ್ ಎಂಬ ಸ್ಪ್ಯಾನಿಷ್ ಕಾದಂಬರಿಯನ್ನು ಮೂಲದಲ್ಲೇ ಓದಬೇಕೆಂಬ ಹಟದಿಂದ, ಗುರುವಿಲ್ಲದೆ, ನಿಘಂಟನ್ನಿಟ್ಟುಕೊಂಡು ಆ ಭಾಷೆಯನ್ನು ಕಲಿತನಂತೆ. ಹುಡುಗರು ಇದನ್ನು ಗಮನಿಸಬೇಕು, ಮುಂದೆ ನಮ್ಮ ದೇಶದ ಭಾಷೆಗಳನ್ನು ಕಲಿಯುವಾಗಲೂ ಅವನು ಇದೇ ಹಟವನ್ನು ತೋರಿಸಿದನು. ಅಷ್ಟರಲ್ಲಿ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧವು ಬಲಗೊಂಡು ತಂದೆಯ ವ್ಯಾಪಾರ ಮುಳುಗಿಹೋಯಿತು. ಮನೆಯ ಕಷ್ಟವನ್ನು ನೋಡಿ ಥಾಮಸನು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿ, ಕಾಲಾಳು ಪಡೆಯ ಕೆಡೆಟ್ ಆಗಿ ಸೇರಿಕೊಂಡನು. 1780ರ ಜನವರಿ 15ರಂದು ಮದರಾಸಿನ ದಡದಲ್ಲಿ ಇಳಿದಾಗ ಅವನಿಗಿನ್ನೂ 19 ತುಂಬಿರಲಿಲ್ಲ.

ಇಳಿದ ಕೆಲವೇ ದಿನಗಳಲ್ಲಿ ಒಂದು ತಮಾಷೆ ನಡೆಯಿತು. ಶುಭ್ರವಾದ ಬಿಳಿಯ ಬಟ್ಟೆ ತೊಟ್ಟ ಒಬ್ಬ ವೃದ್ಧನು, ಹಿಂದಿನ ದೊರೆಗಳು ಕೊಟ್ಟ ಯೋಗ್ಯತಾಪತ್ರಗಳನ್ನು ತೋರಿಸಿ ಅವನ ಬಳಿ ಸೇವಕನಾಗಿ ನಿಂತನು. ವಿಲಾಯತಿಯ ದಪ್ಪ ಬಟ್ಟೆಗಳು ಈ ಸೆಕೆಯ ನಾಡಿಗೆ ಹೊಂದುವುದಿಲ್ಲವೆಂದು ಹೇಳಿ, ಅವನ್ನು ಮಾರಿ ಹೊಸ ಬಟ್ಟೆ ತರುವುದಾಗಿ ಹೊತ್ತುಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಮನ್ರೋ ತಿಂಗಳುಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿ ಹೊಸ ಉಡುಪುಗಳನ್ನು ಹೊಲಿಸಿಕೊಳ್ಳಬೇಕಾಯಿತು. ಇದನ್ನು ಅವನೇ ಮನೆಗೆ ಬರೆದ ಪತ್ರದಲ್ಲಿ ನಗುತ್ತಾ ಹೇಳಿಕೊಂಡಿದ್ದಾನೆ.

ಅದೇ ವರ್ಷ ಜುಲೈ ತಿಂಗಳಲ್ಲಿ ಹೈದರಾಲಿಯು ಘಟ್ಟಗಳನ್ನಿಳಿದು ಕರ್ನಾಟಿಕ್ ಪ್ರಾಂತದ ಮೇಲೆ ಬಿದ್ದನು. ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯು ಪೂರ್ತಿ ನಾಶವಾಯಿತು. ನಮ್ಮ ಕಥಾನಾಯಕನು ಆಗ ಕೆಲವೇ ಹರದಾರಿಗಳ ದೂರದಲ್ಲಿ, ಹೆಕ್ಟರ್ ಮನ್ರೋ ಎಂಬ ಸೇನಾಪತಿಯ ಸೈನ್ಯದಲ್ಲಿದ್ದನು. ಹೆಸರು ಒಂದೇ ಆದರೂ ಇವರಿಬ್ಬರೂ ಬೇರೆ ಬೇರೆ. ಆ ಸೈನ್ಯವು ಮದರಾಸಿಗೆ ಹಿಮ್ಮೆಟ್ಟಿತು. ದಾರಿಯಲ್ಲಿ ಎರಡೂ ಪಕ್ಕದ ಹಳ್ಳಿಗಳು ಸುಟ್ಟು ಕರಕಾಗಿದ್ದವು. ರೈತರು ದನಕರುಗಳನ್ನು ಹೊಡೆದುಕೊಂಡು ಕಾಡು ಸೇರಿದ್ದರು. ಮನ್ರೋ ಕಂಡ ಮೊದಲ ಯುದ್ಧ ಇದು. ಮಾರನೆಯ ವರ್ಷ ಸರ್ ಐರ್ ಕೂಟನ ಕೈಕೆಳಗೆ ಪೋರ್ಟೊನೋವೊ, ಎರಡನೆಯ ಪೊಳ್ಳಿಲೂರು, ಶೋಳಿಂಗೂರು ಕಾಳಗಗಳಲ್ಲಿ ಅವನು ಇದ್ದನು. ಆದರೆ ಕಂದಕದ ಯುದ್ಧವೆಂದರೇನೆಂಬುದನ್ನು ಅವನಿಗೆ ಕಲಿಸಿದ್ದು ಕಡಲೂರು.

ಕಂದಕದ ಯುದ್ಧ ಎಂದೊಡನೆ ನಮಗೆ 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದ ನೆನಪಾಗುತ್ತದೆ. ಆಗ ಉತ್ತರ ಸಮುದ್ರದ ದಡದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೂ ಭೂಮಿಯನ್ನು ಅಗೆದು, ಬ್ರಿಟಿಷ್ ಮತ್ತು ಫ್ರೆಂಚ್ ಕಾಲಾಳುಗಳು ಒಂದು ಕಡೆ, ಜರ್ಮನರು ಇನ್ನೊಂದು ಕಡೆ, ಕೆಸರಿನಲ್ಲಿ ವರ್ಷಗಟ್ಟಲೆ ಕುಳಿತರು. 1914 ಮತ್ತು 1915ರಲ್ಲಿ ನಮ್ಮ ದೇಶದ ಸಿಪಾಯಿಗಳೂ ಈಪ್ರ್, ನವ್ ಶಾಪೆಲ್‌ಗಳ ಆ ಕಂದಕಗಳಲ್ಲಿ ಚಳಿಗೆ ನಡುಗಿದರು. ಆದರೆ ಈ ವಿದ್ಯೆ ಅಂದು ಹುಟ್ಟಿದ್ದಲ್ಲ. 17ನೆಯ ಶತಮಾನದಲ್ಲಿ ಫ್ರಾನ್ಸಿನ ವೋಬಾನ್ ಎಂಬ ಕೋಟೆಶಿಲ್ಪಿಯು ಇದನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದ್ದನು. ಕೋಟೆಯನ್ನು ಮುತ್ತಿದ ಸೈನ್ಯವು ನೇರವಾಗಿ ನುಗ್ಗಿದರೆ ಗೋಡೆಯ ಮೇಲಿನ ಫಿರಂಗಿಗಳಿಗೆ ಬಲಿಯಾಗುವುದು ಖಂಡಿತ. ಆದುದರಿಂದ ರಾತ್ರಿಯ ಕತ್ತಲಿನಲ್ಲಿ, ಗುಂಡು ತಲುಪದಷ್ಟು ದೂರದಲ್ಲಿ, ಗೋಡೆಗೆ ಎದುರಾಗಿ ಉದ್ದನೆಯ ಕಂದಕವನ್ನು ತೋಡುತ್ತಾರೆ. ತೆಗೆದ ಮಣ್ಣನ್ನು ಕೋಟೆಯ ಕಡೆಗೇ ಎಸೆದು ದಿಂಡು ಕಟ್ಟುತ್ತಾರೆ. ಬಿದಿರು ಬರಲುಗಳಿಂದ ಹೆಣೆದ ತಳವಿಲ್ಲದ ದೊಡ್ಡ ಬುಟ್ಟಿಗಳನ್ನು ನಿಲ್ಲಿಸಿ ಮಣ್ಣು ತುಂಬಿದರೆ ಗುಂಡಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಹಾವು ಹರಿದಂತೆ ಅಂಕುಡೊಂಕಾಗಿ ತೋಡುತ್ತಾ ಹೋಗುತ್ತಾರೆ. ನೇರವಾಗಿ ತೋಡಿದರೆ ಕೋಟೆಯಿಂದ ಬಿಟ್ಟ ಒಂದೇ ಗುಂಡು ಕಂದಕದ ಉದ್ದಕ್ಕೂ ಉರುಳಿ ಸಾಲಾಗಿ ಜನರನ್ನು ಕೊಲ್ಲುತ್ತದೆ. ಹೀಗೆ ಹತ್ತಿರವಾದ ಮೇಲೆ ಫಿರಂಗಿಗಳನ್ನು ಹೂಡಿ ಗೋಡೆಯಲ್ಲಿ ಬಿರುಕು ಮಾಡಿ, ಕಾಲಾಳುಗಳು ಆ ಬಿರುಕಿನಲ್ಲಿ ನುಗ್ಗುತ್ತಾರೆ.

ಇದರಲ್ಲಿ ಗುದ್ದಲಿ ಹಿಡಿದವನ ಕೆಲಸ ಬಂದೂಕು ಹಿಡಿದವನ ಕೆಲಸಕ್ಕಿಂತ ಕಡಿಮೆಯದಲ್ಲ. ಮನ್ರೋ ಮದರಾಸಿಗೆ ಬಂದ 1780ರಲ್ಲೇ ಇಂಥ ಕೆಲಸಕ್ಕೆಂದು ಮದರಾಸು ಪಯೋನಿಯರ್ಸ್ ಎಂಬ ಎರಡು ತುಕಡಿಗಳನ್ನು ಕಟ್ಟಿದರು. ಗುದ್ದಲಿ ಸನಿಕೆ ಹಿಡಿದ ಈ ದಕ್ಷಿಣ ದೇಶದ ಜನರ ಸಂತತಿಯೇ ಇಂದು ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಇಂಜಿನಿಯರ್ ಗ್ರೂಪ್.

1783ರ ಜೂನ್ 13ರಂದು ಜನರಲ್ ಸ್ಟುವರ್ಟನ ಸೈನ್ಯವು ಕಡಲೂರಿನ ಹೊರಗೆ ಫ್ರೆಂಚರು ತೋಡಿ ಭದ್ರಪಡಿಸಿದ್ದ ಕಂದಕಗಳ ಮೇಲೆ ಏರಿಹೋಯಿತು. ಫ್ರೆಂಚರ ನಾಯಕ ಬುಸ್ಸಿ. ಬ್ರಿಟಿಷ್ ಕಾಲಾಳುಗಳೂ, ಅವರೊಡನಿದ್ದ ಹನೋವರಿನ ಜರ್ಮನರೂ, ನಮ್ಮ ನಾಡಿನ ಸಿಪಾಯಿಗಳೂ ಜೂನ್ ತಿಂಗಳ ಉರಿಬಿಸಿಲಿನಲ್ಲಿ ಬಯಲನ್ನು ದಾಟಿ ಹೋಗಬೇಕಾಗಿತ್ತು. ಸಂಜೆಯ ಹೊತ್ತಿಗೆ ಸತ್ತವರೂ ಗಾಯಗೊಂಡವರೂ ಸೇರಿ ಬ್ರಿಟಿಷರ ಕಡೆ ಸಾವಿರಕ್ಕೂ ಮಿಕ್ಕಿದ್ದರು. ಇಷ್ಟಾಗಿಯೂ ಊರು ಕೈಗೆ ಬರಲಿಲ್ಲ. ಸಮುದ್ರದಲ್ಲಿ ಫ್ರೆಂಚ್ ನೌಕಾಪಡೆ ಮೇಲುಗೈ ಪಡೆದುದರಿಂದ ಸಾಮಾನು ಸರಂಜಾಮುಗಳು ಬರುವುದೂ ನಿಂತಿತು. ಮುತ್ತಿಗೆ ಹಾಕಿದವರೇ ಮುತ್ತಿಗೆಗೆ ಒಳಗಾದಂತೆ ತಮ್ಮ ಕಂದಕಗಳಲ್ಲಿ ಕುಳಿತರು. ಜೂನ್ 25ರ ಬೆಳಗಿನ ಜಾವ ಫ್ರೆಂಚರು ಹೊರಬಿದ್ದು ಆ ಕಂದಕಗಳ ಮೇಲೆ ಎರಗಿದರು, ಕೈಕೈ ಮಿಲಾಯಿಸಿ ಕಾಳಗವಾಯಿತು, ಅವರನ್ನು ಹಿಂದಕ್ಕಟ್ಟಿದರು. ಅಷ್ಟರಲ್ಲಿ ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾಗಿದೆಯೆಂಬ ಸುದ್ದಿ ಹಡಗಿನಲ್ಲಿ ಬಂದಿತು! ಎರಡು ಕಡೆಯವರೂ ಆಯುಧ ಕೆಳಗಿಟ್ಟರು. ದೂರದ ರಾಜರು ರಾಜಿಯಾದುದು ತಿಳಿಯದೆ ಅಷ್ಟು ಜನ ಕಡಲೂರಿನ ಮಣ್ಣಿನಲ್ಲಿ ಸತ್ತಿದ್ದರು. ಈ ಯುದ್ಧದ ವಿವರಗಳನ್ನೂ, ಸೇನಾಪತಿಗಳ ತಪ್ಪುಗಳನ್ನೂ ಯುವಕ ಮನ್ರೋ ತಂದೆಗೆ ಬರೆದ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದನು.

ಕಾಲಾಳು ಪಡೆಯ ಕಿರಿಯ ಅಧಿಕಾರಿಯ ಬದುಕು ಸುಖದ್ದಾಗಿತ್ತೆಂದು ಯಾರೂ ತಿಳಿಯಬಾರದು. ಭಾರತಕ್ಕೆ ಬರುವವರೆಗೆ ಹಸಿವು, ಬಾಯಾರಿಕೆ, ದಣಿವು, ಬಡತನ ಎಂದರೇನೆಂದು ತನಗೆ ತಿಳಿದೇ ಇರಲಿಲ್ಲವೆಂದು ಅವನು ತಂಗಿಗೆ ಬರೆದಿದ್ದಾನೆ. ಬಂದ ಮೊದಲ ಮೂರು ವರ್ಷ ಅವನಿಗೆ ತಲೆದಿಂಬೆಂದರೆ ಒಂದು ಪುಸ್ತಕ ಇಲ್ಲವೆ ತೋಟಾಚೀಲ. ಹಾಸಿಗೆಯೆಂದರೆ ನಾಲ್ಕು ಕೋಲುಗಳಿಗೆ ಬಿಗಿದ ಒಂದು ತುಂಡು ಕ್ಯಾನ್ವಾಸು. ಸಾವಿರಾರು ಮೈಲಿ ನಡೆದಿದ್ದೆಲ್ಲ ಕಾಲ್ನಡಿಗೆಯಲ್ಲಿ. ಇಂಥ ಸಂಬಳದಲ್ಲೂ ಅವನೂ ಅವನ ಸೋದರನೂ ಸೇರಿ ತಂದೆಗೆ ವರ್ಷಕ್ಕೆ 100 ಪೌಂಡು ಕಳಿಸುವ ಏರ್ಪಾಡು ಮಾಡಿಕೊಂಡರು. ಬಿಡುವಿನ ವೇಳೆಯಲ್ಲಿ ಪಾರ್ಸಿ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಕಲಿತನು. ಆ ಭಾಷಾಜ್ಞಾನದಿಂದಲೇ 1788ರಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನ ಕೈಕೆಳಗೆ ಸುದ್ದಿ ಸಂಗ್ರಹಿಸುವ ಇಲಾಖೆಗೆ ಸೇರಿದನು. ಅವನ ಭಾಗ್ಯದ ಬಾಗಿಲು ತೆರೆದದ್ದು ಅಲ್ಲಿ.

1790ರಲ್ಲಿ ಟೀಪು ಸುಲ್ತಾನನೊಡನೆ ಮತ್ತೆ ಯುದ್ಧ ಮೊದಲಾಯಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸನೇ ಸೈನ್ಯದ ಮುಂದಾಳಾಗಿ ಬಂದು 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ಹಿಡಿದನು. ಮನ್ರೋ ಈ ಮುತ್ತಿಗೆಯಲ್ಲಿದ್ದನು. ಪೇಟೆಯ ಮನೆಗಳ ಮರೆಯಲ್ಲಿ ಫಿರಂಗಿ ಹೂಡಿ, ಕಂದಕ ತೋಡಿ, ಗೋಡೆಯನ್ನು ಬಿರಿದು, ಬೆಳುದಿಂಗಳಿನಲ್ಲಿ ಏರಿ ಹೋದರು. ವೃದ್ಧ ಕಿಲ್ಲೇದಾರ ಬಹದ್ದೂರ್ ಖಾನನು ಕೋಟೆಯನ್ನು ಬಿಟ್ಟುಕೊಡದೆ ಹೋರಾಡುತ್ತಾ ಮಡಿದನು. ಬೆಂಗಳೂರಿಗೆ ಹೋದವರು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಯ ತುಣುಕನ್ನು ನೋಡಬಹುದು. ಅದೇ ಜುಲೈಯಲ್ಲಿ ಹೊಸೂರು, ರಾಯಕೋಟೆಗಳು ಕಂಪನಿಯ ವಶವಾದವು. ಕೃಷ್ಣಗಿರಿ ಮಾತ್ರ ಜಗ್ಗಲಿಲ್ಲ. ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ಕೆಳಗಿನ ಪೇಟೆಯನ್ನು ಹಿಡಿದರೂ ಮೇಲಿನ ಕೋಟೆಯವರು ಬಂಡೆಗಳನ್ನು ಉರುಳಿಸಿ ಅವನ ಸೈನ್ಯವನ್ನು ಕೆಳಗೆ ದಬ್ಬಿದರು. ಬಂಡೆಯ ಬೆಟ್ಟದಲ್ಲಿ ಕಂದಕವನ್ನು ಎಲ್ಲಿ ತೋಡುವುದು?

ಈ ಯುದ್ಧದಲ್ಲಿ ಮನ್ರೋ ಕಲಿತ ದೊಡ್ಡ ಪಾಠ ಎತ್ತುಗಳದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ಮಳೆ ಹಿಡಿದು, ಮೇವಿಲ್ಲದೆ ಎತ್ತುಗಳು ಸತ್ತುಬಿದ್ದುದರಿಂದ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಬೇಕಾಯಿತು. ಗೋಡೆ ಒಡೆಯುವ ಫಿರಂಗಿಯನ್ನು ಎಳೆಯುವುದು ರೈತನ ಎತ್ತು, ಸಿಪಾಯಿ ತಿನ್ನುವುದು ರೈತನ ರಾಗಿ ಭತ್ತ. ಲಂಬಾಣಿಗರ ಎತ್ತಿನ ಹಿಂಡುಗಳ ಮೇಲೆ ಧಾನ್ಯ ಸಾಗಿಸುವ ಹೊಣೆ ರೀಡನ ಮೇಲೆ ಬಿದ್ದಿತು. ಅವನೊಡನೆ ಮನ್ರೋ ಸಹ ಈ ನಾಡಿನ ಊರೂರುಗಳನ್ನು ಬಲ್ಲವನಾದನು.

1792ರ ಸಂಧಿಯಿಂದ ಟೀಪು ತನ್ನ ಅರ್ಧ ರಾಜ್ಯವನ್ನೂ, 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಕಂಪನಿಯ ಪಾಲಿಗೆ ಬಂದುದರಲ್ಲಿ ಬಾರಾಮಹಲೂ ಸೇಲಂ ಸೀಮೆಯೂ ಸೇರಿದ್ದವು. ಇದೇ ಮುಂದೆ ಸೇಲಂ ಜಿಲ್ಲೆಯ ಬಹುಭಾಗವಾಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯೂ, 2004ರಲ್ಲಿ ಅದರಿಂದ ಕೃಷ್ಣಗಿರಿ ಜಿಲ್ಲೆಯೂ ಬೇರೆಯಾದವು. ಘಟ್ಟದ ಮೇಲಿನ ಹೊಸೂರು ಸೀಮೆ ಮಾತ್ರ ಆ ಸಂಧಿಯಲ್ಲಿ ಟೀಪುವಿಗೇ ಉಳಿದು, 1799ರಲ್ಲಿ ಕಂಪನಿಗೆ ಸೇರಿತು. ಹೊಸ ಸೀಮೆಯ ಆಡಳಿತಕ್ಕೆ ಮದರಾಸಿನ ನಾಗರಿಕ ಅಧಿಕಾರಿಗಳನ್ನು ಕಳಿಸಲು ಕಾರ್ನ್‌ವಾಲಿಸನಿಗೆ ಮನಸ್ಸಾಗಲಿಲ್ಲ, ದೇಶಭಾಷೆ ಬಲ್ಲವರು ಅವರಲ್ಲಿ ವಿರಳವಾಗಿದ್ದರು. ಸೈನಿಕರಾದ ರೀಡ್ ಮತ್ತು ಅವನ ಮೂವರು ಸಹಾಯಕರನ್ನು ನೇಮಿಸಿದನು. ಗ್ರಹಾಮ್, ಮ್ಯಾಕ್ಲಿಯಾಡ್ ಎಂಬವರು ಇಬ್ಬರು, ಮೂರನೆಯವನೇ ಮನ್ರೋ. ಅವನ ಪಾಲಿಗೆ ಬಂದುದು ಧರ್ಮಪುರಿಯ ಮಧ್ಯಭಾಗ.

ಅವನು ಕಂಡದ್ದು ಹಾಳು ಸುರಿಯುತ್ತಿದ್ದ ನಾಡು. ಎರಡು ವರ್ಷ ಸೈನ್ಯಗಳು ಅತ್ತಿಂದಿತ್ತ ತುಳಿದಾಡಿದ್ದವು. ಯಾವ ಹೊಲ ಯಾರದು, ಎಷ್ಟು ಬೆಳೆಯುತ್ತದೆ, ಎಷ್ಟು ಕಂದಾಯ ಎಂಬುದಕ್ಕೆ ಸರಿಯಾದ ಲೆಕ್ಕ ಸಿಗುತ್ತಿರಲಿಲ್ಲ. ಮನ್ರೋ ವರ್ಷದ ಹೆಚ್ಚು ಭಾಗವನ್ನು ಡೇರೆಯಲ್ಲೇ ಕಳೆಯುತ್ತಾ ಹಳ್ಳಿಯಿಂದ ಹಳ್ಳಿಗೆ ಹೋದನು. ಬೆಳಗಾಗುವುದೇ ತಡ, ಡೇರೆಯ ಮುಂದೆ ರೈತರು ನೆರೆಯುತ್ತಿದ್ದರು. ಒಬ್ಬನಿಗೆ ಎತ್ತಿನ ಜಗಳ, ಇನ್ನೊಬ್ಬನಿಗೆ ಬದುವಿನ ಜಗಳ, ಮತ್ತೊಬ್ಬನಿಗೆ ಶಾನುಭೋಗನು ಹೆಚ್ಚು ಬರೆದಿದ್ದಾನೆಂಬ ದೂರು. ಕಿವಿ ಮಂದವಾಗಿದ್ದ ಈ ದೊರೆ ಅವೆಲ್ಲವನ್ನೂ ಕುಳಿತು ಕೇಳುತ್ತಿದ್ದನು. ರೀಡನ ನೇತೃತ್ವದಲ್ಲಿ ಒಂದೊಂದು ಹೊಲವನ್ನೂ ಸರಪಣಿಯಿಂದ ಅಳೆಯುವ ಮೋಜಣಿ ನಡೆಯಿತು. ನಡುವೆ ಗುತ್ತಿಗೆದಾರನಾಗಲಿ ಜಮೀನ್ದಾರನಾಗಲಿ ಇಲ್ಲದೆ ಸರ್ಕಾರವೇ ರೈತನೊಡನೆ ನೇರವಾಗಿ ಲೆಕ್ಕ ಮಾಡಿಕೊಳ್ಳುವ ಪದ್ಧತಿ ಇಲ್ಲಿ ರೂಪುಗೊಂಡಿತು. ತನಗೆ ಬೇಕಾದ ಹೊಲವನ್ನು ಇಟ್ಟುಕೊಳ್ಳಲು, ಬೇಡವಾದುದನ್ನು ಬಿಡಲು ರೈತನಿಗೆ ಸ್ವಾತಂತ್ರ್ಯವುಂಟೆಂದು ರೀಡ್ 1796ರ ಡಿಸೆಂಬರಿನಲ್ಲಿ ಸಾರಿದನು. ರೈತವಾರಿ ಎಂದು ಚರಿತ್ರೆಯಲ್ಲಿ ನೀವು ಓದುವುದು ಇದನ್ನೇ. ಪುಸ್ತಕಗಳು ಮನ್ರೋ ಹೆಸರನ್ನು ಮಾತ್ರ ಹೇಳುತ್ತವೆ. ಮೊದಲ ಕಲ್ಲನ್ನಿಟ್ಟವನು ರೀಡ್ ಎಂಬುದನ್ನು ಮರೆಯುವುದು ನ್ಯಾಯವಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮನ್ರೋ ರೈತಬಂಧುವೆಂದು ಹೊಗಳುವವರಿದ್ದಾರೆ. ಅದರಲ್ಲಿ ನಿಜವುಂಟು, ಆದರೆ ಪೂರ್ತಿ ನಿಜವಲ್ಲ. ಅವನು ಕಂಪನಿಯ ಸೇವಕ, ಕಂಪನಿಗೆ ಬೇಕಾದುದು ಹಣ. ಗೊತ್ತುಮಾಡಿದ ಕಂದಾಯ ಭಾರವಾಗಿತ್ತು. ಅದು ಭಾರವೆಂದು ಅವನೇ ಮೇಲಿನವರಿಗೆ ಮತ್ತೆ ಮತ್ತೆ ಬರೆದು, ಇಳಿಸಿದರೆ ರೈತನೂ ಉಳಿಯುತ್ತಾನೆ, ಬೊಕ್ಕಸವೂ ತುಂಬುತ್ತದೆಂದು ವಾದಿಸಿದನು. ಅವನ ಹಿರಿಮೆ ಈ ವಾದದಲ್ಲಿದೆ. ಅವನು ಹೋದ ಮೇಲೆ 1802ರಿಂದ ಇಲ್ಲಿನ ಗ್ರಾಮಗಳನ್ನು ಮಿಟ್ಟಾಗಳೆಂದು ವಿಂಗಡಿಸಿ ಹರಾಜು ಹಾಕಿದರು. ಮಿಟ್ಟಾದಾರರಲ್ಲಿ ಬಹುಮಂದಿ ಕಂದಾಯ ಕಟ್ಟಲಾರದೆ ಹಾಳಾದರು, ಅವರ ಕೈಕೆಳಗಿನ ರೈತರ ಪಾಡು ಹೇಳತೀರದು. ನಮ್ಮ ಹಿರಿಯರ ಬಾಯಲ್ಲಿ ಮಿಟ್ಟಾ ಎಂಬ ಮಾತು ಬಹುಕಾಲ ಉಳಿದಿದ್ದುದು ಈ ಕಾರಣದಿಂದ.

1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸನ ಸೈನ್ಯವು ರಾಯಕೋಟೆಯ ಮೂಲಕ ಮೈಸೂರು ರಾಜ್ಯವನ್ನು ಹೊಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪು ಮಡಿದನು. ಆಮೇಲೆ ಮನ್ರೋವನ್ನು ಕನ್ನಡ ಜಿಲ್ಲೆಗೆ, ಎಂದರೆ ಮಂಗಳೂರು ಕಾರವಾರಗಳ ಕರಾವಳಿಗೆ ಕಳಿಸಿದರು. ಧರ್ಮಪುರಿಯನ್ನು ಬಿಡಲು ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಕರಾವಳಿಯ ಎಡೆಬಿಡದ ಮಳೆಯನ್ನು ಬೈದುಕೊಳ್ಳುತ್ತಲೇ ಒಂದು ವರ್ಷ ಕೆಲಸಮಾಡಿದನು. ಅಲ್ಲಿಂದ 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಭಾಗಗಳಿಗೆ ಹೋಗಿ ಏಳು ವರ್ಷ ಕಲೆಕ್ಟರನಾಗಿದ್ದನು. ಅಲ್ಲಿಯ 80 ಮಂದಿ ಪಾಳೆಯಗಾರರನ್ನು ಅಡಗಿಸಿದ ರೀತಿ ಕಠಿಣವಾಗಿತ್ತು. ಲಂಡನ್ನಿನ ನಿರ್ದೇಶಕರೇ ಅದನ್ನು ಆಕ್ಷೇಪಿಸಿದರು. ಆದರೆ ಅದೇ ಸೀಮೆಯಲ್ಲಿ ರೈತರು ತಮ್ಮ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು ಅವನಿಗೆ ದರ್ಶನವಿತ್ತು ಮಾತನಾಡಿದರೆಂಬ ಕಥೆಯನ್ನು ಭಕ್ತರು ಇಂದಿಗೂ ಹೇಳುತ್ತಾರೆ. 1807ರಲ್ಲಿ ಊರಿಗೆ ಹೊರಡುವ ಮುನ್ನ ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಬರೆದಿಟ್ಟನು. ಯಾರೂ ಕೇಳಲಿಲ್ಲ. ತಾನೇ ಗವರ್ನರನಾಗಿ ಬಂದ ಮೇಲೆ ಅದನ್ನು ಜಾರಿಗೆ ತಂದನು.

1817ರಲ್ಲಿ ಪೇಶ್ವೆಯೊಡನೆ ಯುದ್ಧವಾದಾಗ ಮನ್ರೋ ಮತ್ತೆ ಸೈನಿಕನ ಉಡುಪು ತೊಟ್ಟನು. ವಯಸ್ಸು 56. ಧಾರವಾಡದ ಸೀಮೆಯಲ್ಲಿ ಅವನ ಕೈಯಲ್ಲಿದ್ದುದು ಬೆರಳೆಣಿಕೆಯ ತುಕಡಿಗಳು. ಅವನು ಊರೂರಿಗೆ ಸ್ಥಳೀಯರನ್ನೇ ಅಮಲ್ದಾರರನ್ನಾಗಿ ನೇಮಿಸಿ, ಅವರ ಕೈಗೆ ಕೆಲವು ನೂರು ಪೇದೆಗಳನ್ನು ಕೊಟ್ಟು, ಹಳ್ಳಿಗಳ ಕಂದಾಯವನ್ನು ಪೇಶ್ವೆಯ ಸವಾರರಿಗೆ ಸಿಗದಂತೆ ಮಾಡಿದನು. ನವಲಗುಂದದ ಕಡೆ ಜನರೇ ಮರಾಠಾ ಸವಾರರನ್ನು ಓಡಿಸಿದರು. ಬಾದಾಮಿ 1818ರ ಫೆಬ್ರವರಿಯಲ್ಲಿ ಕೈವಶವಾಯಿತು. ಬೆಳಗಾವಿಯ ಕೋಟೆಗೆ ಸುತ್ತ ಆಳವಾದ ನೀರಿನ ಅಗಳಿದ್ದುದರಿಂದ ಮೂರು ವಾರ ಕಡಲೂರಿನ ಹಳೆಯ ವಿದ್ಯೆಯನ್ನೇ ನಡೆಸಬೇಕಾಯಿತು. ಏಪ್ರಿಲ್ 10ರಂದು ಒಳಗಿದ್ದ 1,600 ಜನ ಶರಣಾದರು. ಕಡಲೂರಿನಲ್ಲಿ ಒಂದೇ ದಿನ ಬಿದ್ದ ಹೆಣಗಳನ್ನು ಕಂಡವನು ಇಲ್ಲಿ ಎಷ್ಟು ಕಡಿಮೆ ಜನರನ್ನು ಕಳೆದುಕೊಂಡನೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

1820ರಲ್ಲಿ ಮದರಾಸಿನ ಗವರ್ನರನಾದನು. ಗವರ್ನರನ ಕೆಲಸಗಳಲ್ಲಿ ನಮಗೆ ಮುಖ್ಯವಾದುದು ಒಂದುಂಟು. 1822ರಲ್ಲಿ ಅವನು ಪ್ರತಿ ಜಿಲ್ಲೆಯ ಕಲೆಕ್ಟರನಿಗೂ, ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಲೆಕ್ಕ ಕೇಳಿದನು. 1826ರಲ್ಲಿ ಅವನು ಪ್ರಕಟಿಸಿದಂತೆ ಇಡೀ ಮದರಾಸು ಪ್ರಾಂತದಲ್ಲಿ 12,498 ಪಾಠಶಾಲೆಗಳೂ, ಅವುಗಳಲ್ಲಿ 1,88,650 ವಿದ್ಯಾರ್ಥಿಗಳೂ ಇದ್ದರು. ಇವೆಲ್ಲ ಬ್ರಿಟಿಷರು ಕಟ್ಟಿದ ಶಾಲೆಗಳಲ್ಲ, ನಮ್ಮ ಊರುಗಳ ಜಗಲಿಗಳಲ್ಲಿ, ದೇವಸ್ಥಾನಗಳಲ್ಲಿ, ಅಯ್ಯಗಳು ನಡೆಸುತ್ತಿದ್ದ ಮಠಗಳು. ಹೊಲಗಳನ್ನು ಎಣಿಸಿದವನು ಮಕ್ಕಳನ್ನೂ ಎಣಿಸಿದುದರಿಂದ ನಮಗೆ ಆ ಕಾಲದ ವಿದ್ಯಾಭ್ಯಾಸದ ಚಿತ್ರ ಉಳಿದಿದೆ. ಜಿಲ್ಲೆಗೂ ತಾಲ್ಲೂಕಿಗೂ ಸರ್ಕಾರಿ ಶಾಲೆಗಳನ್ನು ತೆರೆಯುವ ಯೋಜನೆಯನ್ನೂ ಅವನು ಹಾಕಿದನು. ಈ ದೇಶದ ಜನರು ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳಬಲ್ಲವರಾಗುವ ದಿನ ಬರುವುದೆಂದೂ, ಆಗ ಬ್ರಿಟಿಷರು ಬಿಟ್ಟುಹೋಗುವುದೇ ಲೇಸೆಂದೂ 1824ರಲ್ಲೇ ಬರೆದನು. ಆ ದಿನ ಬರಲು ಇನ್ನೂ 123 ವರ್ಷ ಬೇಕಾಯಿತು ಎಂಬುದು ಬೇರೆ ವಿಷಯ.

1827ರಲ್ಲಿ ಕೆಲಸದಿಂದ ನಿವೃತ್ತನಾಗಿ ಊರಿಗೆ ಹೊರಡುವ ಮುನ್ನ, ತಾನು ಕಲೆಕ್ಟರನಾಗಿದ್ದ ಸೀಮೆಯನ್ನು ಕೊನೆಯ ಬಾರಿ ನೋಡಿಬರಬೇಕೆಂದು ಪ್ರಯಾಣ ಹೊರಟನು. ಹೆಂಡತಿಯು ರೋಗಿಯಾದ ಮಗುವಿನೊಡನೆ ಮೊದಲೇ ಇಂಗ್ಲೆಂಡಿಗೆ ಹೋಗಿದ್ದಳು. ದಾರಿಯಲ್ಲಿ ಅವನ ಬೆಂಗಾವಲಿನ ಸಿಪಾಯಿಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಆ ಕಾಲದ ಸೈನಿಕರನ್ನು ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ಇಂಥ ರೋಗಗಳೇ. ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಅವನಿಗೂ ಅದು ತಗಲಿ, ಅದೇ ದಿನ ರಾತ್ರಿ ಪ್ರಾಣ ಹೋಯಿತು. ಗುತ್ತಿಯ ಕೋಟೆಯ ಕೆಳಗೆ ಮಣ್ಣುಮಾಡಿ, 1831ರಲ್ಲಿ ಅಲ್ಲಿಂದ ತೆಗೆದು ಮದರಾಸು ಕೋಟೆಯ ಸೇಂಟ್ ಮೇರಿ ಚರ್ಚಿನಲ್ಲಿ ಇಟ್ಟರು. ಚಾಂಟ್ರಿ ಎಂಬ ಶಿಲ್ಪಿಯು ಮಾಡಿದ, ಕುದುರೆಯ ಮೇಲೆ ಕುಳಿತ ಅವನ ಕಂಚಿನ ಪ್ರತಿಮೆಯನ್ನು 1839ರಲ್ಲಿ ಮದರಾಸಿನಲ್ಲಿ ನಿಲ್ಲಿಸಿದರು. ಚೆನ್ನೈಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಅದನ್ನು ಅಣ್ಣಾ ಸಾಲೈ ಮೊದಲಾಗುವ ಕಡೆ, ಐಲೆಂಡ್ ಮೈದಾನದ ಹತ್ತಿರ ನೋಡಬಹುದು. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ.